ಬ್ರಹ್ಮ ಕೋಳಿಯ ಕಾಲುಕಜ್ಜಿ: ತೂಗಿ ಕೊಡಬೇಕಾದ ಮದ್ದು

ಬ್ರಹ್ಮ ಕೋಳಿ ಸಾಕುವವರಿಂದ ಮಳೆಗಾಲ ಕಳೆದ ಮೇಲೆ ಮತ್ತೆ ಮತ್ತೆ ಕೇಳಿಬರುವ ದೂರೆಂದರೆ, ಕಾಲಿನ ಪುಕ್ಕ ಉದುರಿ, ಹುರುಪೆಗಳು ಮೇಲೆದ್ದು, ಅವುಗಳ ಸಂದಿಯಲ್ಲಿ ಸುಣ್ಣದಂತಹ ಬಿಳಿ ಪುಡಿ ಕಟ್ಟಿಕೊಂಡು ಕೋಳಿ ಕುಂಟತೊಡಗುತ್ತದೆ ಎಂಬುದು. ಇದು ಕಾಲುಕಜ್ಜಿ. ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ, ನೆಮಿಡೊಕಾಪ್ಟಿಸ್ ಮ್ಯೂಟನ್ಸ್ ಎಂಬ ನುಸಿ ಕಾಲಿನ ಹುರುಪೆಯ ಅಡಿಯಲ್ಲಿ ಬಿಲ ಕೊರೆದು ಅಲ್ಲಿಯೇ ಸಂತಾನ ಬೆಳೆಸುವುದರಿಂದ ಈ ರೋಗ ಬರುತ್ತದೆ. ನಾಟಿ ಕೋಳಿಯಲ್ಲಿ ಇದು ಮೊದಲ ವಾರಗಳಲ್ಲೇ ಕಣ್ಣಿಗೆ ಬೀಳುತ್ತದೆ. ಬ್ರಹ್ಮ ಕೋಳಿಯ ಕಾಲನ್ನು ಬೆರಳಿನವರೆಗೂ ಪುಕ್ಕ ಮುಚ್ಚಿರುವುದರಿಂದ, ಕೋಳಿ ಕುಂಟುವವರೆಗೂ ರೋಗ ಅಡಗಿಯೇ ಇರುತ್ತದೆ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಪ್ರತಿ ಕೋಳಿಯನ್ನೂ ಹಿಡಿದು, ಪುಕ್ಕವನ್ನು ಮೇಲಕ್ಕೆ ಸರಿಸಿ, ಕಾಲಿನ ಹಿಂಬದಿಯನ್ನೂ ಬೆರಳುಗಳ ಸಂದಿಯನ್ನೂ ಕೈಯಿಂದ ಸವರಿ ನೋಡುವುದು ಅಗತ್ಯ.

ಬ್ರಹ್ಮಪುತ್ರ ನದಿಯ ಹೆಸರನ್ನು ಹೊತ್ತಿದ್ದರೂ ಈ ತಳಿ ರೂಪುಗೊಂಡದ್ದು ಅಮೆರಿಕದಲ್ಲಿ, ಚೀನಾದ ಶಾಂಘೈ ಬಂದರಿನಿಂದ 1840ರ ದಶಕದಲ್ಲಿ ಅಲ್ಲಿಗೆ ಹೋದ ಭಾರಿ ಮೈಕಟ್ಟಿನ ಕೋಳಿಗಳಿಂದ. 1874ರಲ್ಲಿ ಅಲ್ಲಿನ ತಳಿ ಮಾನದಂಡದಲ್ಲಿ ಸೇರ್ಪಡೆಯಾದ ತಿಳಿಬಣ್ಣದ ಬ್ರಹ್ಮ ಹುಂಜಕ್ಕೆ ನಿಗದಿಯಾಗಿರುವ ತೂಕ 12 ಪೌಂಡ್, ಅಂದರೆ ಸುಮಾರು 5.4 ಕೆ.ಜಿ.; ಹೇಟೆಗೆ 9.5 ಪೌಂಡ್, ಅಂದರೆ ಸುಮಾರು 4.3 ಕೆ.ಜಿ. ತಳಿಯ ಇತಿಹಾಸ ಇಷ್ಟು ಸಾಕು. ಇಲ್ಲಿ ಮುಖ್ಯವಾದದ್ದು ಈ ತೂಕದ ಅಂಕಿಗಳು, ಏಕೆಂದರೆ ಸಾಕಣೆದಾರರು ಇವನ್ನು ಎಲ್ಲೋ ಓದಿ, ತಮ್ಮ ಕೋಳಿಯೂ ಅಷ್ಟೇ ತೂಗುತ್ತದೆಂದು ಭಾವಿಸಿ ಮದ್ದು ಹಾಕುತ್ತಾರೆ. ಪೂರ್ಣ ಬೆಳವಣಿಗೆಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕಾಗುವ ಈ ತಳಿಯಲ್ಲಿ ಹತ್ತು ತಿಂಗಳ ಯಾಟೆ ಆ ತೂಕದ ಹತ್ತಿರವೂ ಬಂದಿರುವುದಿಲ್ಲ. ಸಡಿಲವಾದ ದಟ್ಟ ಗರಿಯಿಂದಾಗಿ ನೋಟಕ್ಕೆ ಮಾತ್ರ ಅದು ಭಾರಿಯಾಗಿ ಕಾಣುತ್ತದೆ. ಕಜ್ಜಿಯಿಂದ ಸೊರಗಿದ ಕೋಳಿಯಂತೂ ಗರಿಯ ಒಳಗೆ ಎದೆಮೂಳೆ ಚೂರಿಯಂತೆ ಎದ್ದಿದ್ದರೂ ಹೊರಗಿನಿಂದ ಗುಂಡಗೆ ತೋರುತ್ತದೆ.

ಈ ನುಸಿಗೆ ಪಶುವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಮದ್ದು ಐವರ್ಮೆಕ್ಟಿನ್. ಪ್ರಮಾಣ ಒಂದು ಕೆ.ಜಿ. ದೇಹತೂಕಕ್ಕೆ 0.2 ಮಿಲಿಗ್ರಾಂ, ಬಾಯಿಯ ಮೂಲಕ. ಅಂಗಡಿಯಲ್ಲಿ ಸಿಗುವುದು ದನಗಳಿಗೆಂದು ತಯಾರಾದ ಶೇ. 1ರ ದ್ರಾವಣ, ಅಂದರೆ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಮದ್ದು ಇರುವಂಥದ್ದು. ಈ ಲೆಕ್ಕದಂತೆ 3 ಕೆ.ಜಿ. ಕೋಳಿಗೆ 0.06 ಮಿ.ಲೀ., 4 ಕೆ.ಜಿ. ಕೋಳಿಗೆ 0.08 ಮಿ.ಲೀ., 5 ಕೆ.ಜಿ. ಹುಂಜಕ್ಕೆ 0.1 ಮಿ.ಲೀ. ಮಾತ್ರ ಬೇಕು. ‘ದೊಡ್ಡ ಕೋಳಿ, ಒಂದು ಎಂ.ಎಲ್. ಇರಲಿ’ ಎಂದು ಹಾಕುವವರು, ಐವತ್ತು ಕೆ.ಜಿ. ತೂಗುವ ಕರುವಿಗೆ ಸಲ್ಲಬೇಕಾದ ಮದ್ದನ್ನು ಒಂದು ಕೋಳಿಯ ಗಂಟಲಿಗೆ ಇಳಿಸುತ್ತಿದ್ದಾರೆ ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಕಜ್ಜಿಯಿಂದ ಕೋಳಿ ತಿಂಗಳುಗಟ್ಟಲೆ ನರಳಬಹುದು. ಮಿತಿಮೀರಿದ ಮದ್ದಿನಿಂದ ಅದು ತೂಕಡಿಸಿ, ಕಾಲು ನಿಲ್ಲದೆ ತಟ್ಟಾಡಿ, ಬೇಗನೆ ಸಾಯಬಹುದು. ಕೋಳಿಯನ್ನು ಚೀಲದಲ್ಲಿಟ್ಟು ಕೊಕ್ಕೆಯ ತಕ್ಕಡಿಗೆ ತೂಗುಹಾಕಲು ಎರಡು ನಿಮಿಷವೂ ಬೇಡ. ಸಾವಿರಾರು ರೂಪಾಯಿ ಕೊಟ್ಟು ಜೋಡಿ ತಂದವರು ಇಷ್ಟನ್ನೂ ಮಾಡದಿರುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಅಳೆಯುವ ಸಾಧನದಲ್ಲಿಯೂ ಒಂದು ಅಪಾಯವಿದೆ. ಇನ್ಸುಲಿನ್ ಸಿರಿಂಜಿನಲ್ಲಿ ಎರಡು ಬಗೆ: ಒಂದರಲ್ಲಿ ಮಿಲಿಲೀಟರಿಗೆ 100 ಯೂನಿಟ್, ಇನ್ನೊಂದರಲ್ಲಿ 40 ಯೂನಿಟ್. 100ರ ಸಿರಿಂಜಿನಲ್ಲಿ 8 ಯೂನಿಟ್ ಎಂದರೆ 0.08 ಮಿ.ಲೀ.; 40ರ ಸಿರಿಂಜಿನಲ್ಲಿ ಅದೇ 8 ಯೂನಿಟ್ 0.2 ಮಿ.ಲೀ. ಆಗಿ, ಪ್ರಮಾಣ ಎರಡೂವರೆ ಪಟ್ಟಾಗುತ್ತದೆ. ಇದಕ್ಕಿಂತ ಸುರಕ್ಷಿತವಾದದ್ದು ಮದ್ದನ್ನು ತೆಳುಮಾಡಿ ಕೊಡುವ ಕ್ರಮ: 1 ಮಿ.ಲೀ. ಮದ್ದನ್ನು 9 ಮಿ.ಲೀ. ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಬೆರೆಸಿದರೆ, ಪ್ರತಿ ಕೆ.ಜಿ. ತೂಕಕ್ಕೆ 0.2 ಮಿ.ಲೀ. ಕೊಡುವುದು ಸುಲಭವಾಗುತ್ತದೆ. ಐವರ್ಮೆಕ್ಟಿನ್ ನೀರಿನಲ್ಲಿ ಸರಿಯಾಗಿ ಕರಗದೆ ತಳದಲ್ಲಿ ಕೂರುವುದರಿಂದ, ಅದನ್ನು ಕುಡಿಯುವ ನೀರಿಗೆ ಸುರಿದರೆ ಒಂದು ಕೋಳಿಗೆ ವಿಷವಾಗುವಷ್ಟು, ಇನ್ನೊಂದಕ್ಕೆ ಏನೂ ಇಲ್ಲದಷ್ಟು ಸಿಗುತ್ತದೆ.

ಮೊದಲ ಸರದಿಯಲ್ಲಿ ಉಳಿದುಕೊಂಡ ಎಳೆಯ ನುಸಿಗಳು ಮತ್ತೆ ಸಂತಾನ ಬೆಳೆಸುವುದರಿಂದ 14ನೆಯ ದಿನ ಕೋಳಿಯನ್ನು ಮತ್ತೊಮ್ಮೆ ತೂಗಿ ಎರಡನೆಯ ಸರದಿ ಕೊಡಬೇಕು. ಒಂದೇ ಕೋಳಿ ಕುಂಟುತ್ತಿದ್ದರೂ ಮಂದೆಯ ಎಲ್ಲವಕ್ಕೂ ಕೊಡಬೇಕು. ಮದ್ದು ಕೊಟ್ಟ ಹೇಟೆಗಳ ಮೊಟ್ಟೆ, ಪಶುವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಅಡುಗೆಮನೆಗೂ ಹೋಗಬಾರದು, ಸಂತೆಗೂ ಹೋಗಬಾರದು.

ಹೊರಗಿನ ಆರೈಕೆಗೆ ಕಾಲನ್ನು ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ಐದು ನಿಮಿಷ ನೆನೆಸಿ, ಒರೆಸಿ, ಪೆಟ್ರೋಲಿಯಂ ಜೆಲ್ಲಿಯನ್ನೋ ಶೇ. 10ರ ಗಂಧಕದ ಮುಲಾಮನ್ನೋ ಎರಡು ದಿನಕ್ಕೊಮ್ಮೆ ಮೂರು ವಾರ ಸವರಿದರೆ, ನುಸಿ ಉಸಿರುಕಟ್ಟಿ ಸಾಯುತ್ತದೆ ಮತ್ತು ಹುರುಪೆ ತಾನಾಗಿ ಕಳಚುತ್ತದೆ. ಚಾಕುವಿನಿಂದ ಹುರುಪೆ ಕೆರೆಯುವುದು, ಸೀಮೆಎಣ್ಣೆಯಲ್ಲಿ ಅಥವಾ ವಾಹನದ ಹಳೆಯ ಆಯಿಲ್‌ನಲ್ಲಿ ಕಾಲು ಅದ್ದುವುದು ಚಿಕಿತ್ಸೆಯಲ್ಲ, ಹಿಂಸೆ. ಚರ್ಮ ಸುಟ್ಟು, ರಕ್ತ ತುಂಬಿದ ಎಳೆಗರಿ ಮುರಿದು ನೆತ್ತರು ಸೋರಿದರೆ ಉಳಿದ ಕೋಳಿಗಳು ಅಲ್ಲಿಯೇ ಕುಕ್ಕತೊಡಗುತ್ತವೆ. ಕಾವಿಗೆ ಕೂತ ಹೇಟೆಯ ಕಾಲಿಗೆ ಯಾವ ಜಿಡ್ಡನ್ನೂ ಹಚ್ಚಬಾರದು, ಏಕೆಂದರೆ ಅದು ಮೊಟ್ಟೆಯ ಚಿಪ್ಪಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ಒಳಗಿನ ಭ್ರೂಣವನ್ನು ಕೊಲ್ಲುತ್ತದೆ. ನೆಲದ ಭತ್ತದ ಹೊಟ್ಟು ಮುಷ್ಟಿಯಲ್ಲಿ ಹಿಚುಕಿದಾಗ ಉಂಡೆಗಟ್ಟಿದರೆ ಆ ದಿನವೇ ಬದಲಿಸಬೇಕು, ಏಕೆಂದರೆ ಕಾಲಿನ ಪುಕ್ಕ ಒದ್ದೆಯಾಗಿ ಕೆಸರು ಮೆತ್ತಿಕೊಂಡಾಗ ಹುಣ್ಣು ಬೇಗ ಕೊಳೆಯುತ್ತದೆ. ಕೂರುವ ಅಡ್ಡಪಟ್ಟಿ ನೆಲದಿಂದ ಒಂದೂವರೆ ಅಡಿ ಮೀರಬಾರದು. ಭಾರದ ಕೋಳಿ ಎತ್ತರದಿಂದ ಧುಮುಕಿದರೆ ಅಂಗಾಲು ಬಾವು ಬರುತ್ತದೆ.

ವಂಶಾಭಿವೃದ್ಧಿಯಲ್ಲಿಯೂ ಗರಿಯೇ ಮೋಸ ಮಾಡುತ್ತದೆ. ಮೊಟ್ಟೆ ಬರಡಾಗುತ್ತಿದೆ ಎಂದು ಹುಂಜವನ್ನು ಮಾರುವ ಮೊದಲು, ಹುಂಜ ಮತ್ತು ಹೇಟೆ ಎರಡರಲ್ಲೂ ಗುದದ್ವಾರದ ಸುತ್ತಲಿನ ದಟ್ಟ ಗರಿಯನ್ನು ಕತ್ತರಿಸಿ, ಹುಂಜದ ಕಾಲನ್ನು ಪರೀಕ್ಷಿಸಬೇಕು, ಏಕೆಂದರೆ ಕಾಲು ನೋಯುವ ಹುಂಜ ಹೇಟೆಯನ್ನು ಸರಿಯಾಗಿ ತುಳಿಯಲಾರದು. ಒಂದು ಹುಂಜಕ್ಕೆ ಆರರಿಂದ ಎಂಟು ಹೇಟೆ ಸಾಕು. ಕಾವಿಗಿಡುವ ಮೊಟ್ಟೆ ಏಳು ದಿನಕ್ಕಿಂತ ಹಳೆಯದಾಗಿರಬಾರದು. ಬ್ರಹ್ಮ ಹೇಟೆ ಒಳ್ಳೆಯ ಕಾವಿನದಾದರೂ ತನ್ನ ಭಾರದಿಂದ ಮೊಟ್ಟೆ ಒಡೆಯುವುದುಂಟಾದ್ದರಿಂದ, ಏಳೆಂಟು ಮೊಟ್ಟೆಯನ್ನು ಕಜ್ಜಿಯಿಲ್ಲದ ನಾಟಿ ಹೇಟೆಯ ಕೆಳಗಿಡುವುದು ಲೇಸು. ಕಜ್ಜಿಯಿರುವ ತಾಯಿ 21ನೆಯ ದಿನ ಹೊರಬರುವ ಮರಿಗಳಿಗೆ ತನ್ನ ನುಸಿಯನ್ನೂ ದಾಟಿಸುತ್ತದೆ.

ಹೊಸ ಕೋಳಿ ಎಲ್ಲಿಂದಲೇ ಬರಲಿ, ಅದನ್ನು ಬಂದ ದಿನವೇ ತೂಗಿ, ಕಾಲಿನ ಪುಕ್ಕ ಸರಿಸಿ ನೋಡಿ, ಮೂವತ್ತು ದಿನ ಬೇರೆ ಗೂಡಿನಲ್ಲಿರಿಸಬೇಕು. ಆ ಅವಧಿಯಲ್ಲಿ ಹುರುಪೆಯೊಂದು ಎದ್ದರೂ, ಮದ್ದಿನ ಎರಡೂ ಸರದಿ ಮುಗಿದು ಹೊಸ ಹುರುಪೆ ನುಣುಪಾಗಿ ಕೂತ ಮೇಲಷ್ಟೇ ಮಂದೆಗೆ ಬಿಡಬೇಕು.