ಆಟದ ಆಯುಸ್ಸು

ಎಣ್ಣೂರಿನ ಕಾರ್ಖಾನೆಯಲ್ಲೋ ಬಂದರಿನಲ್ಲೋ ಪಾಳಿ ಮುಗಿಸಿ ಕೋಣೆ ಸೇರುವವನಿಗೆ ದಿನಕ್ಕೆ ಅರ್ಧ ಗಂಟೆ ವಿರಾಮ ದೊರೆತರೆ ಅದೇ ಭಾಗ್ಯ. ವಿಡಿಯೋ ಆಟವೊಂದನ್ನು ಹಣ ಕೊಟ್ಟು ಕೊಳ್ಳುವ ಮುನ್ನ ಈ ಅರ್ಧ ಗಂಟೆಯಿಂದಲೇ ಲೆಕ್ಕ ಹಾಕಬೇಕು.

ಪುಣೆಯ ತಂಡವೊಂದು 2020ರಲ್ಲಿ ಹೊರತಂದ ‘ರಾಜಿ’ ಎಂಬ ಆಟದ ಕಥೆ ಸುಮಾರು 5 ಗಂಟೆಗಳಲ್ಲಿ ಮುಗಿಯುತ್ತದೆ. ನಮ್ಮ ಲೆಕ್ಕದಲ್ಲಿ 10 ದಿನ. ಪೋಲೆಂಡಿನಲ್ಲಿ ತಯಾರಾಗಿ 2015ರಲ್ಲಿ ಬಂದ ‘ವಿಚರ್ 3’ರ ಮುಖ್ಯ ಕಥೆಗೇ ಸುಮಾರು 50 ಗಂಟೆ, ಅಂದರೆ 100 ದಿನ ಬೇಕು. ಹಾಗಾದರೆ ಉದ್ದದ ಆಟವೇ ಲಾಭವೆನ್ನಬಹುದೆ? ಅವಸರ ಬೇಡ. ಕಥೆಯನ್ನೇ ನೆಚ್ಚಿದ ಆಟ, ಅಂತ್ಯ ತಿಳಿದ ಮೇಲೆ, ಓದಿ ಮುಗಿಸಿದ ಪತ್ತೇದಾರಿ ಕಾದಂಬರಿಯಂತೆ ಮೂಲೆ ಸೇರುವುದುಂಟು.

ಊರಿನಲ್ಲಿ ನಾವಾಡುತ್ತಿದ್ದ ಚೌಕಾಬಾರವನ್ನು ನೆನೆಯಿರಿ. 25 ಮನೆ, 4 ಕವಡೆ, ಒಬ್ಬೊಬ್ಬರಿಗೆ 4 ಕಾಯಿ. ಒಂದಾಟ ಮುಗಿದೊಡನೆ ‘ಇನ್ನೊಂದಾಟ’ ಎನ್ನುತ್ತಿದ್ದೆವು. ಕಾರಣವೇನು? ಕವಡೆ ಪ್ರತಿಸಲ ಬೇರೆ ಬೀಳುತ್ತದೆ. ಯಾವ ಕಾಯಿ ನಡೆಸುವುದು, ಯಾರ ಕಾಯಿ ಹೊಡೆಯುವುದು ಎಂಬ ತೀರ್ಮಾನ ನಮ್ಮದು. ಎದುರಾಳಿಯ ಬುದ್ಧಿಯೂ ಒಂದೇ ತೆರನಲ್ಲ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿತ್ನೊವ್ ರಚಿಸಿದ ‘ಟೆಟ್ರಿಸ್’ ಇಂದಿಗೂ ಬಾಳುತ್ತಿರುವುದು ಇಂಥದೇ ಗುಣದಿಂದ. ಅಲ್ಲಿ ಬೀಳುವ ತುಂಡುಗಳ ಸರದಿ ಪ್ರತಿಸಲವೂ ಹೊಸದು.

ಆದುದರಿಂದ ವಾಚಕರು ಎರಡು ಪ್ರಶ್ನೆ ಕೇಳಿಕೊಳ್ಳಲಿ: ಒಮ್ಮೆ ಮುಗಿಸಲು ನನಗೆ ಎಷ್ಟು ದಿನ ಬೇಕು? ಮತ್ತೆ ಆಡಿದರೆ ಹೊಸದೇನು ಸಿಕ್ಕೀತು? ಇನ್ನೊಂದು ಮಾತು: ಕೊನೆಯಿಲ್ಲದ ಆಟ ನಿದ್ರೆಯನ್ನೂ ನುಂಗುತ್ತದೆ. ಮೊದಲ ಪಾಳಿಗೆ ಹೋಗುವವರು ಗಡಿಯಾರವನ್ನು ಎದುರಿಗಿಟ್ಟುಕೊಂಡೇ ಆಡಿರಿ.