ಜಾಕಿನ ಓ-ರಿಂಗ್ ಕಲಿಸಿದ ಪಾಠ

ರಜೆಯಲ್ಲಿ ಅಬ್ಬಾ ಅವರ ಗ್ಯಾರೇಜಿಗೆ ಹೋಗಿದ್ದೆ. ಕಾರನ್ನು ಎತ್ತಿ ಹಿಡಿದಿದ್ದ ಹೈಡ್ರಾಲಿಕ್ ಜಾಕ್ ಯಾರೂ ಮುಟ್ಟದೆಯೇ ನಿಧಾನವಾಗಿ ಇಳಿಯತೊಡಗಿತು. ಅಲ್‌ಹಮ್ದುಲಿಲ್ಲಾಹ್, ಕೆಳಗೆ ಯಾರೂ ಇರಲಿಲ್ಲ.

ಬಿಚ್ಚಿ ನೋಡಿದರೆ ಪಿಸ್ಟನ್ನಿನ ರಬ್ಬರ್ ಓ-ರಿಂಗ್ ಸವೆದು ಚಪ್ಪಟೆಯಾಗಿತ್ತು. ಈ ರಿಂಗ್ ಸಿಲಿಂಡರಿನ ಗೋಡೆಗೆ ಒತ್ತಿಕೊಂಡು ಎಣ್ಣೆಯನ್ನು ತಡೆಯುತ್ತದೆ. ಸವೆದರೆ ಎಣ್ಣೆ ಪಕ್ಕದಿಂದ ನುಸುಳಿ ಜಾಕ್ ಇಳಿಯುತ್ತದೆ.

ಬದಲಾಯಿಸುವ ಕ್ರಮ ಹೀಗಿದೆ:

1. ಭಾರ ಇಳಿಸಿ, ವಾಲ್ವ್ ಸಡಿಲಿಸಿ, ಹಳೆಯ ಎಣ್ಣೆ ತೆಗೆಯಬೇಕು.
2. ಲೋಹಕ್ಕೆ ಗೀರು ಬೀಳದಂತೆ ಹಳೆಯ ರಿಂಗ್ ತೆಗೆದು, ಅದು ಕೂರುವ ಜಾಗ ಒರೆಸಬೇಕು.
3. ಅದೇ ಅಳತೆಯ ಹೊಸ ರಿಂಗಿಗೆ ಎಣ್ಣೆ ಸವರಿ, ತಿರುಚದಂತೆ ಕೂರಿಸಬೇಕು.
4. ಹೈಡ್ರಾಲಿಕ್ ಎಣ್ಣೆಯನ್ನೇ ತುಂಬಬೇಕು. ಬ್ರೇಕ್ ಆಯಿಲ್ ಹಾಕಿದರೆ ಇಂಥ ರಬ್ಬರ್ ಉಬ್ಬಿ ಕೆಡುತ್ತದೆ.
5. ವಾಲ್ವ್ ತೆರೆದಿಟ್ಟು ಕೆಲವು ಸಲ ಪಂಪ್ ಮಾಡಿ, ಒಳಗಿನ ಗಾಳಿ ತೆಗೆಯಬೇಕು.

ಅಂದು ಗ್ಯಾರೇಜಿನ ಲೆಕ್ಕ ಬರೆದವನು ನಾನೇ. ರಿಂಗಿನಿಂದ ಜಾಕಿನ ಸಾಮರ್ಥ್ಯ ಹೆಚ್ಚಲಿಲ್ಲ, ಮೊದಲಿನಂತಾಯಿತು ಅಷ್ಟೇ. ಆದ್ದರಿಂದ ಇದು ಬಂಡವಾಳ ವೆಚ್ಚವಲ್ಲ, ರೆವೆನ್ಯೂ ವೆಚ್ಚ. ರಿಪೇರಿ ಖಾತೆಗೆ ಡೆಬಿಟ್ ಮಾಡಿದೆ.

ಅಬ್ಬಾ ಪುಸ್ತಕ ನೋಡಿ ಹೇಳಿದರು: "ಲೆಕ್ಕ ಸರಿಯಾಗಿದೆ ಬೇಟಾ. ಆದರೆ ರಿಂಗ್ ಹೊಸದಾದರೂ ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡ. ಮೊದಲು ಸ್ಟ್ಯಾಂಡ್ ಇಡು."