‘ಅಮ್ಮ ಅನ್ನು’ ಎಂದು ಪೀಡಿಸುವ ಮೊದಲು

ಪ್ರೀತಿಯ ಮಗಳೇ,

ಮಗನಿಗೆ ಕಿವಿ ಕೇಳುವುದಿಲ್ಲವೆಂದು ಬೇರಾ ಪರೀಕ್ಷೆಯ ರಿಪೋರ್ಟ್ ಬಂದಾಗಿನಿಂದ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲವೆಂದು ನಿನ್ನಮ್ಮ ಹೇಳಿದಳು. ನಿನ್ನಂಥ ತಾಯಂದಿರು ಊರೂರಲ್ಲಿದ್ದಾರೆ. ಅದಕ್ಕೇ ಈ ಕಾಗದವನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ.

ನಿನ್ನ ಅತ್ತೆ ‘ಇವನಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು, ಕಾಯೋಣ’ ಅಂದರಂತೆ. ಅವರ ಮೇಲೆ ಸಿಟ್ಟಾಗಬೇಡ, ಆದರೆ ಕಾಯಲೂ ಬೇಡ. ಕಿವಿ ಕೇಳದ ಕೂಸೂ ಮೊದಮೊದಲು ಊಂ, ಆಂ ಅನ್ನುತ್ತದೆ, ನಗುತ್ತದೆ, ಬಾಗಿಲು ಧಡ್ ಎಂದರೆ ನೆಲದ ಅದುರಿಗೆ ತಿರುಗಿಯೂ ನೋಡುತ್ತದೆ. ಮನೆಯವರು ಏಮಾರುವುದು ಅಲ್ಲೇ.

ಹುಟ್ಟಿದ ಒಂದು ತಿಂಗಳೊಳಗೆ ಕಿವಿ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ನೆರವು ಎನ್ನುವುದು ಈ ಕ್ಷೇತ್ರದವರ ಲೆಕ್ಕ. ಅಮೆರಿಕದ ಕೊಲೊರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗ ಇಟಾನೊ ಮತ್ತು ಜೊತೆಗಾರರು 150 ಮಕ್ಕಳನ್ನು ನೋಡಿ 1998ರಲ್ಲಿ ಬರೆದದ್ದೂ ಇದನ್ನೇ: ಆರು ತಿಂಗಳೊಳಗೆ ದೋಷ ಪತ್ತೆಯಾದವರ ಭಾಷೆ, ತಡವಾಗಿ ಪತ್ತೆಯಾದವರ ಭಾಷೆಗಿಂತ ಎದ್ದು ಕಾಣುವಷ್ಟು ಮುಂದಿತ್ತು. ನಿನ್ನ ಮಗನಿಗೆ ಈಗ ಹದಿನಾಲ್ಕು ತಿಂಗಳು. ಆರು ದಾಟಿತೆಂದು ಎದೆ ಬಡಿದುಕೊಳ್ಳಬೇಡ. ಅಲ್ಲಿಗೆ ಬಾಗಿಲು ಮುಚ್ಚುವುದಿಲ್ಲ, ಇನ್ನು ತಡ ಮಾಡುವಂತಿಲ್ಲ ಅಷ್ಟೇ.

ಕಿವಿಗೆ ಶ್ರವಣಯಂತ್ರ ಹಾಕಿದ ಮೇಲೆ ಒಂದು ಕಾಟ ಶುರುವಾಗುತ್ತದೆ. ಬಂದವರೆಲ್ಲ ‘ಅಮ್ಮ ಅನ್ನು, ಎಲ್ಲಿ, ತಾತ ಅನ್ನು’ ಎಂದು ಕೂಸಿನ ಬಾಯನ್ನೇ ನೋಡುತ್ತ ಕೂರುತ್ತಾರೆ. ನೀನಾದರೂ ಮನೆಯನ್ನು ಪರೀಕ್ಷೆಯ ಕೋಣೆ ಮಾಡಬೇಡ. ಸೌಟು ತೋರಿಸಿ ‘ಇದೇನು ಹೇಳು’ ಎಂದರೆ ಮಗುವಿಗೆ ಸಿಗುವುದು ಒಂದು ಪದ. ಅದರ ಬದಲು ಅವನು ಕುಕ್ಕರಿನತ್ತ ಕೈ ಚಾಚಿದಾಗ ಮುಖ ಕಾಣುವಂತೆ ಕೂತು, ‘ಅಯ್ಯೋ ಬಿಸಿ ಕಣೋ, ಸುಡುತ್ತೆ. ಅಜ್ಜಿ ಬೇಳೆ ಬೆಂದಿದೆ ಅಂದ್ಕೊಂಡಿದ್ರು, ನೋಡು, ಬೆಂದೇ ಇಲ್ಲ!’ ಅನ್ನು. ಈ ‘ಅಂದ್ಕೊಂಡಿದ್ರು’, ‘ಮರೆತರು’, ‘ಸಿಟ್ಟು ಬಂತು’ಗಳನ್ನು ಕಿವಿ ಕೇಳುವ ಮಕ್ಕಳು ದೊಡ್ಡವರ ಮಾತಿನಿಂದ ತಾವಾಗಿ ಹೆಕ್ಕಿಕೊಳ್ಳುತ್ತಾರೆ. ನಿನ್ನ ಮಗನಿಗೆ ಆ ಪುಕ್ಕಟೆ ಪಾಠ ಕಡಿಮೆ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವ ಬುದ್ಧಿ ಇಂಥ ಮಕ್ಕಳಲ್ಲಿ ಎಷ್ಟೋ ಸಲ ತಡವಾಗಿ ಬರುವುದು ಇದರಿಂದಲೇ. ಸಂಜ್ಞೆ ಭಾಷೆ ಬಲ್ಲ ಕಿವುಡ ತಂದೆತಾಯಿಗೆ ಹುಟ್ಟಿದ ಕಿವುಡ ಮಕ್ಕಳಿಗೆ ಅದು ಹೊತ್ತಿಗೆ ಸರಿಯಾಗಿ ಬರುತ್ತದೆ. ಅಂದಮೇಲೆ ಕೊರತೆ ಬುದ್ಧಿಯದ್ದಲ್ಲ.

ಹಾಗಾಗಿ ಕೈಸನ್ನೆ ಮಾಡಿದರೆ ಮಾತು ಬರುವುದೇ ಇಲ್ಲ ಎಂದು ಹೆದರಿಸುವವರ ಮಾತಿಗೆ ನಾನು ತಲೆಯಾಡಿಸುವುದಿಲ್ಲ. ಕೊಲೊರಾಡೊದ ಆ 150 ಮಕ್ಕಳಲ್ಲಿ ಸಂಜ್ಞೆ ಬಳಸಿದವರೂ ಇದ್ದರು, ಬೇಗ ಶುರು ಮಾಡಿದ ಲಾಭ ಅವರಿಗೂ ಸಿಕ್ಕಿತ್ತು. ಕೈಯಿಂದಲೋ ಬಾಯಿಂದಲೋ, ಭಾಷೆ ಹೊಟ್ಟೆ ತುಂಬ ಸಿಗಲಿ.

ಯಂತ್ರದ ವಿಷಯ ಹೆಚ್ಚೇನಿಲ್ಲ. ನಿದ್ದೆ, ಸ್ನಾನ ಬಿಟ್ಟು ಉಳಿದ ಹೊತ್ತೆಲ್ಲ ಕಿವಿಯಲ್ಲಿರಬೇಕು, ನೆಂಟರ ಮದುವೆಯಲ್ಲೂ. ಕುಯ್ಯೆಂದು ಕೂಗಿದರೆ ಹಲವು ಸಲ ಕಿವಿ ಬೆಳೆದು, ಕಿವಿಯೊಳಗೆ ಕೂರುವ ಮೋಲ್ಡ್ ಸಡಿಲವಾಗಿರುತ್ತದೆ, ಹೊಸದು ಮಾಡಿಸು. ಬೆಳಿಗ್ಗೆ ಹಾಕಿದ ಮೇಲೆ ಅವನ ಬೆನ್ನ ಹಿಂದಿನಿಂದ ಮ್, ಊ, ಆ, ಈ, ಶ್, ಸ್ ಎಂದು ಒಂದೊಂದಾಗಿ ಹೇಳಿ, ತಿರುಗುತ್ತಾನಾ ನೋಡು. ತಗ್ಗು ಸ್ವರದಿಂದ ಏರು ಸ್ವರದವರೆಗೆ ಮಾತಿನ ಹರವೆಲ್ಲ ಈ ಆರರಲ್ಲಿದೆ. ನಿನ್ನೆಯವರೆಗೆ ‘ಸ್’ಗೆ ತಿರುಗುತ್ತಿದ್ದವನು ಇಂದು ತಿರುಗದಿದ್ದರೆ ಮೊದಲು ಬ್ಯಾಟರಿ ನೋಡು. ಯಂತ್ರ ಸಾಲದೆ, ಆಪರೇಷನ್ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇಕೆಂದರೆ ಕೇಂದ್ರದ ಅಡಿಪ್ ಯೋಜನೆಯಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ನೆರವುಂಟು. ಆಪರೇಷನ್ ಆದ ಮೇಲೂ ತರಬೇತಿ ತಪ್ಪುವುದಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗು. ನೀನು ಕೆಲಸಕ್ಕೆ ಹೋದ ಮೇಲೆ ದಿನವಿಡೀ ಕೂಸಿನ ಜೊತೆ ಇರುವವರು ಅವರು. ಮೋಲ್ಡ್ ಕೂರಿಸುವುದನ್ನು, ಬ್ಯಾಟರಿ ಬದಲಿಸುವುದನ್ನು ಸಂಸ್ಥೆಯವರು ಅತ್ತೆಯ ಕೈಯಲ್ಲೇ ಮಾಡಿಸಿ ತೋರಿಸಲಿ.

ಇತಿ,
ನಿನ್ನ ದೊಡ್ಡಮ್ಮ